ಚೀಲಕ್ಕೊಂದು ಕಿಲೋ

ಜಹೀರಾಬಾದಿನ ಕಾರ್ಯಾಗಾರದ ಎರಡನೆಯ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಒಂದೂವರೆ ಪುಟವಿದೆ. ಅದರಲ್ಲೊಂದು ವಾಕ್ಯ ಸುಳ್ಳು. ಆದ್ದರಿಂದ ಉಳಿದ ವಾಕ್ಯಗಳನ್ನೂ ನಾನೀಗ ಪೂರ್ತಿ ನಂಬುವುದಿಲ್ಲ.

ನಾರಾಯಣಖೇಡದ ಡಿಗ್ರಿ ಕಾಲೇಜೊಂದರಲ್ಲಿ ನಾನು ಗುತ್ತಿಗೆ ಉಪನ್ಯಾಸಕಿ. ಹೊಸ ಪಠ್ಯದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಪರೀಕ್ಷಿಸುವ ವಿಷಯ ಸೇರಿತ್ತು. "ಸರ್ಟಿಫಿಕೇಟ್ ತಂದ್ರ ನೀವು, ಇಲ್ಲಂದ್ರ ಬ್ಯಾರೆಯವರು. ನನ್ನ ಕೈಯಾಗ ಏನಿಲ್ರಿ ಮೇಡಂ," ಎಂದಿದ್ದರು ಪ್ರಾಂಶುಪಾಲರು. ಕಾರ್ಯಾಗಾರದ ನಿಯಮ ಇನ್ನೂ ಬಿಗಿಯಾಗಿತ್ತು: ಎರಡನೆಯ ದಿನ ಸಂಜೆ ನಾಲ್ಕರೊಳಗೆ ತರಬೇತುದಾರರ ಗುಪ್ತ ಪರೀಕ್ಷೆಯಲ್ಲಿ ಪಾಸಾಗಿ ಪರದೆಯಲ್ಲಿ ಹಸಿರು ಬಂದ ಜೋಡಿಗೆ ಮಾತ್ರ ಸರ್ಟಿಫಿಕೇಟ್.

ನನ್ನ ಜೋಡಿ ತಾಂಡೂರಿನ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಮನೆಯವರದು ಬೇಳೆ ಮಿಲ್ಲು. ನಮ್ಮದು ನಾಗಲಗಿದ್ದದ ಕಡೆ ತೊಗರಿ ಬೆಳೆಯುವ ಮನೆ. ಇಬ್ಬರಿಗೂ ಒಂದೇ ಕಂಪ್ಯೂಟರು. ಹತ್ತು ನಿಮಿಷಕ್ಕೊಮ್ಮೆ ಕೀಬೋರ್ಡು ಕೈ ಬದಲಿಸಬೇಕು, ಬದಲಿಸುವ ಮುನ್ನ ಬರೆದದ್ದನ್ನು ತಮ್ಮ ಹೆಸರಿನಲ್ಲಿ ಉಳಿಸಬೇಕು. ಮೊದಲು ಬರೆಯುವುದು ಪರೀಕ್ಷೆ: ಇಷ್ಟು ಕೊಟ್ಟರೆ ಇಷ್ಟು ಬರಬೇಕು ಎಂದು. ಪ್ರೋಗ್ರಾಂ ಇನ್ನೂ ಇಲ್ಲದ್ದರಿಂದ ಪರದೆ ಕೆಂಪಾಗುತ್ತದೆ. ಅದನ್ನು ಹಸಿರು ಮಾಡಲು ಬೇಕಾದಷ್ಟೇ ಪ್ರೋಗ್ರಾಂ ಆಮೇಲೆ.

ನಮಗೆ ಸಿಕ್ಕ ಲೆಕ್ಕ ಸುಲಭದ್ದು. ಕಾಟಾದಲ್ಲಿ ತೂಗಿದ ಚೀಲಸಮೇತ ತೂಕ, ಚೀಲಗಳ ಸಂಖ್ಯೆ, ಒಂದು ಖಾಲಿ ಚೀಲದ ತೂಕ ಇಷ್ಟನ್ನು ಕೊಟ್ಟರೆ ತೊಗರಿಯ ನಿವ್ವಳ ತೂಕ ಹೇಳಬೇಕು. ಮೂರು ಗಂಟೆಗೆಲ್ಲ ನಮ್ಮ ಪರೀಕ್ಷೆಗಳು ಹಸಿರಾಗಿದ್ದವು. ತರಬೇತುದಾರರು ಬಂದು ತಮ್ಮ ಗುಪ್ತ ಪರೀಕ್ಷೆಯನ್ನು ಓಡಿಸಿದರು. ಕೆಂಪು. ಕಾರಣ ಹೇಳುವುದು ಪದ್ಧತಿಯಲ್ಲ ಎಂದು ಮುಂದಿನ ಮೇಜಿಗೆ ಹೋದರು.

"ಎಲ್ಲಾ ಹಸಿರೇ ಅದಲ್ರಿ ಅಕ್ಕಾರ! ಮಿಶನ್‌ಗೆ ದೆವ್ವ ಹೊಕ್ಕದೇನು?" ಎಂದಳು ಅವಳು.

ಪ್ರೋಗ್ರಾಮಿನ ಒಂದೊಂದು ಸಾಲನ್ನೂ ನೋಡಿದೆವು. ಕಾಗದ ತೆಗೆದುಕೊಂಡು ಇಬ್ಬರೂ ಬೇರೆ ಬೇರೆ ಲೆಕ್ಕ ಹಾಕಿದೆವು: ಹತ್ತು ಚೀಲ, ಕಾಟಾದ ಮೇಲೆ ಐನೂರೈದು ಕಿಲೋ, ಖಾಲಿ ಚೀಲ ಅರ್ಧ ಕಿಲೋ. ಅವಳಿಗೆ ನಾನೂರ ತೊಂಬತ್ತು ಬಂತು. ನನಗೂ ನಾನೂರ ತೊಂಬತ್ತು. ಮಿಶನ್ನೂ ಅದನ್ನೇ ಹೇಳುತ್ತಿತ್ತು. ಪಕ್ಕದ ಮೇಜಿನವರು ಹಸಿರು ಬಂದದ್ದಕ್ಕೆ ಚಪ್ಪಾಳೆ ತಟ್ಟಿಕೊಂಡರು. ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ.

ಏನೂ ತೋಚದೆ ಪ್ರಶ್ನೆಯ ಹಾಳೆಯನ್ನು ಮತ್ತೆ ಮೊದಲಿನಿಂದ ಜೋರಾಗಿ ಓದಿದೆ. ಚೀಲದ ತೂಕ ಕಳೆಯಿರಿ. ಅಷ್ಟೇ. ಮುಂದೆ ಏನೂ ಇರಲಿಲ್ಲ.

"ತರುಗು ಎಲ್ಲಿ ಬರದದ?" ಎಂದೆ.

ಧೂಳು, ತೇವ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಕೊಳ್ಳುವವರು ರೈತನ ತೂಕದಿಂದ ಚೀಲಕ್ಕೊಂದು ಕಿಲೋ ಮುರಿದುಕೊಳ್ಳುವುದೇ ತರುಗು. ಎಲ್ಲರೂ ಮುರಿಯುತ್ತಾರೆ, ಎಲ್ಲರೂ ಮುರಿಸಿಕೊಳ್ಳುತ್ತಾರೆ. ಹಾಳೆಯಲ್ಲಿ ಇಲ್ಲದ ಹತ್ತು ಕಿಲೋವನ್ನು ನಮ್ಮ ಪರೀಕ್ಷೆಯೇ ಕೇಳಿತ್ತು. ಪ್ರೋಗ್ರಾಂ ವಿಧೇಯವಾಗಿ ಕಳೆದಿತ್ತು.

"ಬರೀಬೇಕೇನ್ರಿ ಅದು? ಎಲ್ಲಾರಿಗೂ ಗೊತ್ತೇ ಅದ," ಎಂದಳು ಅವಳು.

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ. "ನಿಮ್ಮ ಮಿಲ್ಲಿನ ಬುದ್ಧಿ ಇಲ್ಲಿಗೂ ತಂದಿ. ನಿನ್ನಿಂದ ನನ್ನ ನೌಕರಿ ಹೋಗ್ತದ ನೋಡು."

ಯಾವ ಸಾಲನ್ನು ಯಾರು ಉಳಿಸಿದರೆಂಬ ಪಟ್ಟಿಯನ್ನು ಅವಳು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಾನೂರ ತೊಂಬತ್ತು ಎಂಬ ಸಾಲಿನ ಪಕ್ಕದಲ್ಲಿ ನನ್ನ ಹೆಸರಿತ್ತು.

ಅವಳು ಹೇಳಿದಳು, ನಾನು ಟೈಪ್ ಮಾಡಿದೆ ಎಂದು ಅವತ್ತಿನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಸುಳ್ಳೆಂದೆನಲ್ಲ, ಆ ವಾಕ್ಯ ಇದು. ಆ ಸಾಲು ಬರೆದ ಹತ್ತು ನಿಮಿಷ ಅವಳು ನೀರು ಕುಡಿಯಲು ಹೊರಗೆ ಹೋಗಿದ್ದಳು. ನನಗೆ ಅದು ಚೆನ್ನಾಗಿ ನೆನಪಿದೆ. ಪ್ರತಿ ಸುಗ್ಗಿಯಲ್ಲೂ ಆ ಕಿಲೋಗಳಿಗಾಗಿ ಅಪ್ಪ ಗೊಣಗುವುದನ್ನು ಕೇಳಿ ಬೆಳೆದವಳು ನಾನು. ಆದರೂ ಯಾರೂ ಹೇಳದೆಯೇ ಆ ಕಿಲೋ ಕಳೆದದ್ದು ನನ್ನ ಕೈ.

"ಟೈಮ್ ಹೋಗ್ಲತದ, ಹೇಳ್ರಿ," ಎಂದಳು. ಇಬ್ಬರೂ ಒಪ್ಪದೆ ಪರೀಕ್ಷೆಯನ್ನು ತಿದ್ದುವಂತಿರಲಿಲ್ಲ, ಸರದಿ ಅವಳದಾಗಿತ್ತು.

"ಐನೂರು ಮಾಡು. ತಪ್ಪು ನಂದದ," ಎಂದೆ.

ಪರೀಕ್ಷೆಯಲ್ಲಿ ಐನೂರು ಎಂದು ತಿದ್ದಿದಳು. ನಮ್ಮದೇ ಪರದೆ ಕೆಂಪಾಯಿತು. ಪ್ರೋಗ್ರಾಮಿನಿಂದ ಒಂದು ಸಾಲು ಅಳಿಸಿದಳು. ಹಸಿರು. ತರಬೇತುದಾರರನ್ನು ಕೂಗಿದಾಗ ನಾಲ್ಕಕ್ಕೆ ಎರಡೋ ಮೂರೋ ನಿಮಿಷವಿತ್ತು. ಅವರು ಗುಂಡಿ ಒತ್ತಿ, ಪರದೆ ನೋಡಿ, ಇಬ್ಬರ ಹೆಸರಿಗೂ ಗುರುತು ಹಾಕಿ ಮುಂದೆ ಹೋದರು.

ಬಸ್ ನಿಲ್ದಾಣದಲ್ಲಿ ಸರ್ಟಿಫಿಕೇಟು ಮಡಿಕೆಯಾಗದಂತೆ ಹಿಡಿದುಕೊಂಡೇ ಅವಳ ಕ್ಷಮೆ ಕೇಳಿದೆ.

"ನೌಕರಿ ಉಳೀತಲ್ರಿ, ಆತು ಬಿಡ್ರಿ ಅಕ್ಕಾರ," ಎಂದಳು. ತಾಂಡೂರಿನ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. "ಖರೇ ಹೇಳ್ಲಿ? ನೀರು ಕುಡ್ದು ಬಂದ ಮ್ಯಾಲ ನೀವು ಬರದದ್ದು ನಾ ನೋಡಿದ್ದೆ. ನಂಗೂ ತಪ್ಪು ಅನಸ್ಲಿಲ್ಲ."