ನಾನು ಕೂಗದ ಕೂಗು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವ ಪೈಕಿ ನಾನಲ್ಲ. ನಮ್ಮ ಚರ್ಚಿನಲ್ಲಿ ಪ್ರಾರ್ಥನಾಕೂಟ ನಡೆದಾಗ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವುದುಂಟು. ಒಬ್ಬರಿಗೆ ಕನಸಿನಲ್ಲಿ ಬೆಳಕು ಕಂಡಿರುತ್ತದೆ, ಇನ್ನೊಬ್ಬರಿಗೆ ಹೆಗಲ ಮೇಲೆ ಯಾರೋ ಕೈಯಿಟ್ಟಂತಾಗಿರುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಮೀಸೆಯಡಿಯಲ್ಲೇ ನಗುತ್ತಿದ್ದೆ, ಹೆಂಡತಿ ಲೂಸಿ ಮೊಣಕೈಯಿಂದ ತಿವಿಯುತ್ತಿದ್ದಳು. ದೇವರಲ್ಲಿ ನನಗೆ ನಂಬಿಕೆ ಇರಲಿಲ್ಲವೆಂದಲ್ಲ. ಅಷ್ಟು ದೊಡ್ಡ ದೇವರಿಗೆ ನಮ್ಮಂಥವರ ಕಿವಿಯಲ್ಲಿ ಪಿಸುಗುಟ್ಟಲು ಪುರುಸೊತ್ತೆಲ್ಲಿ ಎಂಬುದು ನನ್ನ ವಾದವಾಗಿತ್ತು. ಹಾಗೆ ನಗುತ್ತಿದ್ದವನೇ ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ವಿಚಿತ್ರ ಅನುಭವ ಎಂದರೆ ನಡುರಾತ್ರಿ, ಗಾಳಿ, ಊಳಿಡುವ ನಾಯಿ ಎಲ್ಲ ಇರಬೇಕೆಂದು ನೀವು ಎದುರುನೋಡಬಹುದು. ನನ್ನದರಲ್ಲಿ ಅದೊಂದೂ ಇಲ್ಲ. ನಡೆದದ್ದು ಬೆಳಗಿನ ಹನ್ನೊಂದರ ಹೊತ್ತಿಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಹತ್ತಾರು ಜನರ ಎದುರಿಗೆ.

ನಾನು ಒಳ್ಳೆಮೆಣಸು, ಅಂದರೆ ಕರಿಮೆಣಸು, ಕೊಯ್ಯುವವನು. ಮೂರ್ನಾಡಿನಿಂದ ವಿರಾಜಪೇಟೆಗೆ ಹೋಗುವ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಅಪ್ಪನೂ ಇದೇ ಕೆಲಸ ಮಾಡಿದವರು. ಈಗ ಅಲ್ಯೂಮಿನಿಯಂ ಏಣಿಗಳು ಬಂದಿವೆ, ಯಾರು ಬೇಕಾದರೂ ಹತ್ತಬಹುದು. ಆಗ ನಮ್ಮದು ಒಂಟಿ ಬಿದಿರಿನ ಏಣಿ. ಒಂದೇ ಉದ್ದದ ಬಿದಿರು, ಗೆಣ್ಣಿಗೊಂದರಂತೆ ಕಾಲಿಡಲು ಉಳಿಸಿದ ಮೋಟು, ಅಷ್ಟೇ. ಅದನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿ, ಕಾಲ ಬೆರಳಿನಿಂದ ಮೋಟು ಹಿಡಿದು ಮೇಲೇರಿ, ತುದಿಯನ್ನು ಮರಕ್ಕೆ ಕಟ್ಟಬೇಕು. ಕಟ್ಟಲು ಎರಡೂ ಕೈ ಬೇಕಾದ್ದರಿಂದ, ಮೆಣಸು ತುಂಬುವ ಚೀಲದ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತೇವೆ. ಈ ಹಗ್ಗದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಹಾಗೆ ಹತ್ತಿದ್ದೇನೆ, ಒಂದು ಸಲವೂ ಬಿದ್ದಿಲ್ಲ. ಜಂಬ ಎಂದುಕೊಂಡರೆ ಜಂಬವೇ. ಮೆಟ್ಟಿಲಿಗೊಂದು ನಮೋ ಮರಿಯ, ಮಾತೆ ಮರಿಯಳ ಪ್ರಾರ್ಥನೆ, ಹೇಳುತ್ತ ಹತ್ತುವುದು ಅಪ್ಪ ಕಲಿಸಿದ ಪದ್ಧತಿ. ಮೇಲೆ ಮುಟ್ಟಿದ ಮೇಲೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಒಂದು, ಆಮೇಲೆಯೇ ಬಳ್ಳಿಗೆ ಕೈ.

ಮೆಣಸು ಕೊಯ್ಲೂ ನಮ್ಮ ತಪಸ್ಸುಕಾಲವೂ ಒಟ್ಟಿಗೇ ಬರುತ್ತವೆ. ಆ ನಲವತ್ತು ದಿನದ ಕೊನೆಗೆ ಶುಭ ಶುಕ್ರವಾರ, ಸ್ವಾಮಿ ಶಿಲುಬೆಗೇರಿದ ದಿನ. ಅಂದು ನಮ್ಮ ಚರ್ಚಿನವರು ಹಲಸಿನ ಮರದ ದೊಡ್ಡ ಶಿಲುಬೆಯೊಂದನ್ನು ಹೊತ್ತು, ದಾರಿಯಲ್ಲಿ ಹದಿನಾಲ್ಕು ಕಡೆ ನಿಂತು ಪ್ರಾರ್ಥಿಸುತ್ತ ಎಸ್ಟೇಟಿನ ಗುಡ್ಡ ಹತ್ತುತ್ತಾರೆ. ಅದನ್ನು ಹೊರುವವರು ಏಣಿ ಹತ್ತುವವರೇ ಆಗಬೇಕೆಂಬುದು ಅಜ್ಜಂದಿರ ಕಾಲದ ಕಟ್ಟಳೆ. ತಲೆಕಡೆಗೆ ಎಲ್ಲರಿಗಿಂತ ಪಳಗಿದವನು, ಬಾಲದ ಕಡೆಗೆ ಅವನ ನಂತರದವನು. ಹನ್ನೊಂದು ವರ್ಷ ತಲೆಕಡೆ ಹಿಡಿದವನು ನಾನು. ಬಿಳಿ ಅಂಗಿ ತೊಟ್ಟು, ಬರಿಗಾಲಿನಲ್ಲಿ, ಇಡೀ ಊರಿನ ಮುಂದೆ ನಡೆಯುವಾಗ ನನ್ನ ಎದೆ ಎಷ್ಟು ಉಬ್ಬುತ್ತಿತ್ತೆಂದರೆ ಅದು ಪಶ್ಚಾತ್ತಾಪದ ದಿನ ಎಂಬುದೇ ಮರೆತುಹೋಗುತ್ತಿತ್ತು.

ಬಾಲದ ಕಡೆ ಹಿಡಿಯುತ್ತಿದ್ದವನು ತೋಮಸ್. ನಾವಿಬ್ಬರೂ ಎಸ್ಟೇಟಿನ ಆಳುಗಳಿಗೆಂದು ಕಟ್ಟಿದ ಒಂದೇ ಲೈನ್‌ಮನೆಯ ಸಾಲಿನಲ್ಲಿ ಬೆಳೆದವರು. ಅವನ ಮನೆಮಾತು ಮಲಯಾಳ, ನನ್ನದು ಕೊಂಕಣಿ, ಇಬ್ಬರ ನಡುವೆ ಕನ್ನಡ. ಚಿಕ್ಕಂದಿನಿಂದ ನಾನು ಅವನನ್ನು 'ತೊಮ್ಮಾ' ಎಂದೇ ಕರೆಯುತ್ತಿದ್ದೆ. ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಹನ್ನೆರಡನೆಯ ವರ್ಷ, ಶಿಲುಬೆ ಎತ್ತಲು ನಾನು ಬಗ್ಗಿದಾಗ ತೋಮಸ್ ಎಲ್ಲರಿಗೂ ಕೇಳುವಂತೆ ಹೇಳಿದ, "ಇವನ ಬಾಯಿಂದ ವಾಸನೆ ಬರ್ತಾ ಉಂಟು. ಕುಡಿದವನು ಶಿಲುಬೆ ಮುಟ್ಟೋದು ಬೇಡ." ಊರಿಗೆ ಊರೇ ನಿಂತಿತ್ತು. ಚರ್ಚಿನ ಗುರುಗಳು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. ತಲೆಕಡೆಯನ್ನು ತೋಮಸ್ ಹಿಡಿದ.

ಅವನು ಹೇಳಿದ್ದು ಸುಳ್ಳಾಗಿದ್ದರೆ ನಾನು ಬೇಗ ಮರೆಯುತ್ತಿದ್ದೆನೋ ಏನೋ. ಅದು ನಿಜವಾಗಿತ್ತು. ಬೆಳಿಗ್ಗೆ ನಡುಕ ನಿಲ್ಲಲಿ ಎಂದು ಒಂದು ಗುಟುಕು ಹಾಕಿಕೊಂಡೇ ಹೋಗಿದ್ದೆ. ಆ ವಾರವೇ ಕುಡಿತ ಬಿಟ್ಟೆ, ಇಂದಿಗೂ ಮುಟ್ಟಿಲ್ಲ. ಹಗೆಯನ್ನು ಮಾತ್ರ ಬಿಡಲಿಲ್ಲ. ನಾಲ್ಕು ವರ್ಷ ಅವನ ಹೆಸರು ನನ್ನ ಬಾಯಿಂದ ಬರಲಿಲ್ಲ. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟೆ, ಬೀಡಿ ಬಿಟ್ಟೆ, ಶುಕ್ರವಾರ ಒಪ್ಪೊತ್ತು ಮಾಡಿದೆ. ನನ್ನಷ್ಟು ಕಟ್ಟುನಿಟ್ಟಿನವನು ಇಡೀ ಚರ್ಚಿನಲ್ಲೇ ಇಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ನಾನು ಹೇಳಹೊರಟ ದಿನ ನಾಲ್ಕನೆಯ ವರ್ಷದ್ದು. ಶುಭ ಶುಕ್ರವಾರಕ್ಕೆ ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಏಣಿ ಎತ್ತಿಕೊಳ್ಳಲು ಹೋದಾಗ ತೋಮಸ್‌ನ ಏಣಿ ನನ್ನದರ ಪಕ್ಕದಲ್ಲೇ ಮಗುಚಿ ಬಿದ್ದಿತ್ತು. ಮೇಲ್ಭಾಗದಲ್ಲಿ, ಎರಡು ಗೆಣ್ಣುಗಳ ನಡುವೆ ಕೂದಲೆಳೆಯಂಥ ಸೀಳು. ಬಿಸಿಲಿಗೆ ಬಿದ್ದ ಬಿದಿರು ಹೀಗೆಯೇ ಸೀಳುವುದು. ನೋಡಿದರೆ ಏನೂ ಅಲ್ಲ, ಮೂವತ್ತು ಅಡಿ ಮೇಲೆ ಹೋಗಿ ಆಳಿನ ಭಾರ ಬಿತ್ತೆಂದರೆ ಎರಡು ಹೋಳು. ಸೀಳಿದ್ದು ಮರಕ್ಕೆ ಒರಗುವ ಮಗ್ಗುಲಿನಲ್ಲಾದ್ದರಿಂದ ಹತ್ತುವವನ ಕಣ್ಣಿಗೆ ಬೀಳುವಂತಿರಲಿಲ್ಲ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಮ್ಮ ಕೆಲಸದಲ್ಲಿ ಒಬ್ಬರ ಏಣಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಅವರವರ ಏಣಿಯನ್ನು ಅವರವರೇ ನೋಡಿಕೊಳ್ಳಬೇಕು. ಆ ಪದ್ಧತಿಯೇ ನನಗೆ ನೆಪವಾಯಿತು. ಅವನ ಏಣಿ, ಅವನ ಕಣ್ಣು, ನನಗೇನು ಎಂದುಕೊಂಡೆ. ಸೈತಾನ ಕೊಂಬು ಇಟ್ಟುಕೊಂಡು ಬರುತ್ತಾನೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ, ಅವನು ಬಂದದ್ದು ನಮ್ಮದೇ ಕಟ್ಟಳೆಯ ವೇಷದಲ್ಲಿ. ನನ್ನ ಏಣಿಯನ್ನು ಹೆಗಲಿಗೇರಿಸಿಕೊಂಡು ನಡೆದೆ.

ಮೊದಲು, ಏಣಿಯ ತುದಿಯವರೆಗೆ ಹತ್ತಬೇಕಿಲ್ಲದ ಗಿಡ್ಡ ಮರಗಳ ಸಾಲು ಮುಗಿಸಿದೆವು. ಎತ್ತರದ ಮರಗಳಿಗೆ ಬಂದಾಗ ಹನ್ನೊಂದು ಗಂಟೆ. ನಾನು ಹತ್ತತೊಡಗಿದೆ. ಎಂಟನೆಯ ಮೆಟ್ಟಿಲಿನವರೆಗೆ ನಮೋ ಮರಿಯ ಬಂತು, ಆಮೇಲೆ ಬರಲಿಲ್ಲ. ಮರೆತದ್ದಲ್ಲ, ಗಂಟಲಿನಲ್ಲೇ ನಿಂತಿತು. ಪ್ರಾರ್ಥನೆಯಿಲ್ಲದೆಯೇ ತುದಿಗೆ ಹೋಗಿ, ಚೀಲದ ಹಗ್ಗ ಕಚ್ಚಿಕೊಂಡು, ಮರವನ್ನು ತಬ್ಬಿ ಏಣಿ ಕಟ್ಟಲು ಶುರುಮಾಡಿದೆ. ಅಲ್ಲಿಂದ ನೋಡಿದರೆ ಎರಡು ಮರದಾಚೆ ತೋಮಸ್ ಏಣಿ ಒರಗಿಸುತ್ತಿದ್ದ. ಕೆಳಗೆ ಎಸ್ಟೇಟಿನ ಕೂಲಿಯಾಳು ಚೋಮಿ ಮತ್ತು ಇತರ ಹೆಂಗಸರು ಉದುರಿದ ಮೆಣಸು ಹೆಕ್ಕುತ್ತಿದ್ದರು. ಈಗ ಹೇಳು, ಈಗಲೂ ಹೊತ್ತು ಮೀರಿಲ್ಲ ಎಂದು ಮನಸ್ಸು ಒಳಗಿನಿಂದ ಒತ್ತುತ್ತಿತ್ತು. ಬಾಯಲ್ಲಿ ಹಗ್ಗವಿದೆಯಲ್ಲ ಎಂದು ಇನ್ನೊಂದು ನೆಪ ಹುಡುಕಿದೆ. ಹಲ್ಲನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ. ದೇವರ ಮುಂದೆ ಹೇಳುತ್ತೇನೆ, ಅವನು ಬೀಳಲಿ ಎಂದು ನಾನು ಬಯಸಲಿಲ್ಲ. ಬೀಳಬಾರದು ಎಂದೂ ಬಯಸಲಿಲ್ಲ.

ತೋಮಸ್ ಐದಾರು ಮೆಟ್ಟಿಲು ಹತ್ತಿದ್ದ. ಇದ್ದಕ್ಕಿದ್ದಂತೆ ನಿಂತು, ತಲೆಯೆತ್ತಿ ನೇರವಾಗಿ ನನ್ನ ಕಡೆ ನೋಡಿದ. ಕೆಳಗಿದ್ದ ಹೆಂಗಸರೂ ಕೈಯಲ್ಲಿದ್ದ ಮೆಣಸು ಬಿಟ್ಟು ನನ್ನನ್ನೇ ನೋಡಿದರು. ನನಗೆ ಏನೂ ಕೇಳಿಸಿರಲಿಲ್ಲ. ಅವನು ಸರಸರನೆ ಇಳಿದ, ಏಣಿ ಕೆಳಗಿಳಿಸಿ ಮಗುಚಿದ, ತುದಿಗೆ ಕಾಲೊತ್ತಿ ಜಗ್ಗಿದ. ಬಿದಿರು ಚಟ್ಟೆಂದು ಎರಡಾಯಿತು.

ಅವನು ಓಡಿಬಂದು ನನ್ನ ಮರದ ಬುಡದಲ್ಲಿ ನಿಂತ. "ನೀ ಕೂಗದಿದ್ರೆ ನನ್ನ ಕಥೆ ಮುಗೀತಿತ್ತು ಮಾರಾಯ," ಎಂದ. "ನಾಲ್ಕು ವರ್ಷ ಆದ ಮೇಲೆ ಬಾಯಿಬಿಟ್ಟೆ ನೋಡು. ತೊಮ್ಮಾ, ಹತ್ತಬೇಡ, ಏಣಿ ಸೀಳಿದೆ ಅಂತ."

ಹಗ್ಗ ಇನ್ನೂ ನನ್ನ ಹಲ್ಲಿನಲ್ಲೇ ಇತ್ತು. ಅದರ ತುದಿಗೆ ಚೀಲ ತೂಗುತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಅದು ಅಷ್ಟು ಹೊತ್ತಿಗೆ ನೆಲದಲ್ಲಿರಬೇಕಿತ್ತು.

ಇಳಿದು ಬಂದು ಚೋಮಿಯನ್ನು ಕೇಳಿದೆ. ಅವಳು ನಮ್ಮ ಚರ್ಚಿಗೆ ಸೇರಿದವಳಲ್ಲ, ನನ್ನನ್ನು ಹೊಗಳಬೇಕಾದ ಹಂಗೂ ಅವಳಿಗಿಲ್ಲ. "ನೀವೇ ಅಲ್ವಾ ಕೂಗಿದ್ದು? ನಂಗೆ ಎದೆ ಝಲ್ ಅಂತು," ಎಂದಳು. ನಾನು ಕೂಗಲಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ತೋಮಸ್ ನನ್ನ ಕೈ ಹಿಡಿದುಕೊಂಡಿದ್ದ, ನಾನು ಹೌದೆಂಬಂತೆ ತಲೆಯಾಡಿಸಿದೆ.

ಆಮೇಲಿನದು ಕೇಳಿ. ಸಂಜೆಯೊಳಗೆ ಸುದ್ದಿ ಎಲ್ಲ ಲೈನ್‌ಮನೆಗಳಿಗೂ ಮುಟ್ಟಿತು. ಭಾನುವಾರ ಗುರುಗಳು ಪ್ರಸಂಗದಲ್ಲಿ ವೈರಿಯನ್ನು ಕ್ಷಮಿಸಿ ಕಾಪಾಡಿದವನ ಮಾತು ಎತ್ತಿದರು, ಹೆಸರು ಹೇಳದಿದ್ದರೂ ಎಲ್ಲರೂ ನನ್ನತ್ತ ತಿರುಗಿದರು. ಲೂಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ಶಿಲುಬೆಯ ತಲೆಕಡೆ ನನಗೇ ಕೊಡಬೇಕೆಂದು ತೋಮಸ್‌ನೇ ಹೋಗಿ ಹೇಳಿಬಂದ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಅದೆಲ್ಲ ಹಿತವಾಗಿತ್ತು. ಮಾಡದ ಪುಣ್ಯಕ್ಕೆ ಸಿಗುವ ಹೊಗಳಿಕೆಯ ರುಚಿ ಕುಡಿತಕ್ಕಿಂತ ಕೆಟ್ಟದ್ದು. ಆದರೆ ಏಣಿಯ ಮೇಲೆ ನಮೋ ಮರಿಯ ಎಂಟನೆಯ ಮೆಟ್ಟಿಲಿಗೇ ನಿಲ್ಲುತ್ತಿತ್ತು. ದಿನವೂ, ಪ್ರತಿ ಮರದಲ್ಲೂ.

ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗುರುಗಳು ಕ್ಷಮೆಯ ಪ್ರಾರ್ಥನೆ ಹೇಳಿ, "ಯಾರು ಕೂಗಿದ್ದು ಅಂತ ನನ್ನನ್ನು ಕೇಳ್ಬೇಡ, ನಂಗೊತ್ತಿಲ್ಲ. ನೀನು ಕೂಗಲಿಲ್ಲ ಅನ್ನೋದು ನಿನಗೆ ಗೊತ್ತಲ್ಲ, ಅದನ್ನು ಏನು ಮಾಡ್ತೀಯ ನೋಡು," ಎಂದರು.

ಶುಭ ಶುಕ್ರವಾರ ಬಂತು. ಬಿಳಿ ಅಂಗಿ ತೊಟ್ಟು ನಿಂತೆ. ತಲೆಕಡೆಗೆ ಬಾ ಎಂದು ಕರೆದರು. ಬಗ್ಗಿದವನು ಎತ್ತಲಾರದೆ ನೆಟ್ಟಗೆ ನಿಂತುಬಿಟ್ಟೆ. ನಾಲ್ಕು ವರ್ಷದ ಹಿಂದೆ ನನ್ನ ಮಾನ ಹೋದ ಅದೇ ಅಂಗಳ, ಅದೇ ಜನ. "ತೋಮಸ್‌ನನ್ನು ಕೂಗಿದ್ದು ನಾನಲ್ಲ. ಸೀಳು ನಾನು ಬೆಳಿಗ್ಗೆಯೇ ನೋಡಿದ್ದೆ, ಹೇಳ್ಲಿಲ್ಲ. ಅವತ್ತು ಅವನು ಹೇಳಿದ ವಾಸನೆ ಮಾತೂ ನಿಜ," ಎಂದೆ. ಇಷ್ಟೇ.

ನನ್ನ ಬದುಕಿನಲ್ಲಿ ಹೆಮ್ಮೆಪಡುವ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಹನ್ನೊಂದು ವರ್ಷಗಳನ್ನು ಹೇಳುವುದಿಲ್ಲ, ಆ ಮೂರು ಮಾತನ್ನು ಹೇಳುತ್ತೇನೆ. ಲೂಸಿಯ ಮುಖ ನೋಡಲು ಹೆದರಿದ್ದೆ. ಆಮೇಲೆ ನೋಡಿದರೆ ಅವಳು ಪ್ರಸಂಗದ ದಿನ ನಿಂತಿದ್ದಕ್ಕಿಂತ ನೆಟ್ಟಗೆ ನಿಂತಿದ್ದಳು.

ತೋಮಸ್‌ನ ಮುಖ ಕಪ್ಪಿಟ್ಟಿತು. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೂ ಸರಿಯೇ ಇತ್ತು. ಅವನು ಹೋಗಿ ತಲೆಕಡೆ ಎತ್ತಿ ಹೆಗಲಿಗಿಟ್ಟ. ಬಾಲದ ಕಡೆಗೆ ಬಂದವನನ್ನು ಕೈಸನ್ನೆಯಿಂದ ಸರಿಸಿ ನನ್ನತ್ತ ನೋಡಿದ. ನಾನು ಹೋಗಿ ಹಿಡಿದೆ. ಮೂರು ಕಡೆ ನಿಂತು ಪ್ರಾರ್ಥನೆಯಾದ ಮೇಲೆ ಹಿಂದೆ ತಿರುಗದೆಯೇ ಕೇಳಿದ, "ಬಾಲದ ಕಡೆ ಎಷ್ಟು ಭಾರ ಅಂತ ಈಗ ಗೊತ್ತಾಯ್ತಾ?" ಗೊತ್ತಾಯಿತು ಎಂದೆ. ಇಂದಿಗೂ ಬಾಲದ ಕಡೆಯೇ ನನ್ನದು, ಯಾರಿಗೂ ಬಿಟ್ಟುಕೊಡುವುದಿಲ್ಲ. ಮುಂದಿನ ಸೋಮವಾರ ಏಣಿಯ ಒಂಬತ್ತನೆಯ ಮೆಟ್ಟಿಲಿನಲ್ಲಿ ನಮೋ ಮರಿಯ ಬಂತು.

ಕೂಗಿದ್ದು ಯಾರು ಎಂಬುದು ಮಾತ್ರ ಹಾಗೆಯೇ ಉಳಿದಿದೆ. ನಾನಲ್ಲ ಎಂದರೂ, ಕೇಳಿದ್ದು ನಿನ್ನ ದನಿಯೇ ಎಂದು ತೋಮಸ್ ಪಟ್ಟು ಬಿಡುವುದಿಲ್ಲ. ನನಗೇ ಗೊತ್ತಿಲ್ಲದೆ ನಾನೇ ಕೂಗಿರಬಹುದು ಎಂದು ಓದಿದವರೊಬ್ಬರು ಹೇಳಿದರು. ಹಾಗಾದರೆ ಚೀಲ ಯಾಕೆ ಬೀಳಲಿಲ್ಲ?

ಹೋದ ವರ್ಷ ಕೊಯ್ಲಿನಲ್ಲಿ ನಾವಿಬ್ಬರೂ ಅದೇ ಸಾಲಿಗೆ ಬಂದೆವು. ತೋಮಸ್‌ಗೆ ಏನೋ ಹೊಳೆಯಿತು. "ಅದೇ ಮರ ಹತ್ತಿ ಒಂದ್ಸಲ ಕೂಗು ನೋಡುವಾ," ಎಂದ. ಹತ್ತಿ, ಅದೇ ಮಾತನ್ನು ಗಟ್ಟಿಯಾಗಿ ಕೂಗಿದೆ. ಅವನು ಕೆಳಗೆ ಕಣ್ಣುಮುಚ್ಚಿ ಕೇಳಿಸಿಕೊಂಡ. ನಾನು ಇಳಿದು ಬರುವವರೆಗೂ ಕಣ್ಣು ತೆರೆಯಲಿಲ್ಲ.

"ದನಿ ಇದೇ," ಎಂದ. "ಆದ್ರೆ ಅವತ್ತು ನೀನು ಅಳ್ತಾ ಕೂಗಿದ್ದೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಏಣಿ ಹೆಗಲಿಗೇರಿಸುತ್ತ, "ಒಂದ್ಸಲ ಎಲ್ಲರ ಎದುರು ನಿನ್ನ ಮಾನ ಕಳೆದಿದ್ದೆ ಅಲ್ವಾ, ನೀನು ಅತ್ತದ್ದನ್ನೂ ಹೇಳೋದು ಬೇಡ ಅಂತ ಸುಮ್ಮನಿದ್ದೆ," ಎಂದು ಮುಂದಿನ ಮರಕ್ಕೆ ನಡೆದ.

ನಾನು ಅಲ್ಲೇ ನಿಂತೆ. ಅಂದು ಆ ಮರದ ಮೇಲೆ ನನ್ನ ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.