ಡೀಸೆಲ್‌ಗೆ ಹಾಕಿದ ಟಾನಿಕ್

ನನ್ನ ಬಾಯಿ ಜೋರು ಅಂತ ಲಕ್ಕೂರಿನ ಸುತ್ತಮುತ್ತ ಎಲ್ಲರಿಗೂ ಗೊತ್ತು. ಹಿಪ್ಪುನೇರಳೆ ಸೊಪ್ಪಿನ ತೂಕದಲ್ಲಿ ಮೋಸ ಮಾಡಲು ಬಂದವನೊಬ್ಬನನ್ನು ರಸ್ತೆಯವರೆಗೂ ಅಟ್ಟಿಸಿಕೊಂಡು ಹೋಗಿ ಬೈದವಳು ನಾನು. ನಮ್ಮ ಮನೆಯವರು ಮಾಲೂರಿನ ಹತ್ತಿರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಹಾಗಾಗಿ ಹಸು, ರಾಗಿ ಹೊಲ, ರೇಷ್ಮೆ ಹುಳು ಇವುಗಳ ಜೊತೆಗೆ ಮನೆಯ ಲಾರಿಯ ಯಜಮಾನಿಕೆಯೂ ಅರ್ಧ ನನ್ನದೇ. ಗಾಡಿ ಎಲ್ಲಿದೆ, ಲೋಡ್ ಇಳಿಯಿತಾ, ಊಟ ಆಯಿತಾ ಅಂತ ಡ್ರೈವರಿಗೆ ಫೋನ್ ಮಾಡುವವಳು ನಾನು.

ಡ್ರೈವರ್ ಶ್ರೀನಿವಾಸಪುರದ ಕಡೆಯವರು. ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿಹೋಗುತ್ತಿದ್ದವು. ನನಗಿಂತ ದೊಡ್ಡವರು, ಹಾಗಾಗಿ ಅಣ್ಣಾ ಅಂತ ಕರೆಯುತ್ತಿದ್ದೆ. ಅವರು ನನ್ನನ್ನು ಅಮ್ಮಾ ಅನ್ನುತ್ತಿದ್ದರು. ನಮ್ಮ ಹಳೇ ಲಾರಿಯನ್ನು ಸವೆದುಹೋಗುವ ತನಕ ಓಡಿಸಿದವರು ಅವರೇ. ಅದನ್ನು ಮಾರಿ ಹೊಸದು ತಂದಾಗ ಹೊಸದರ ಸ್ಟೇರಿಂಗಿಗೂ ಅವರೇ ಕೂತರು. ಬೇರೆ ಡ್ರೈವರನ್ನು ನೋಡಬೇಕು ಅಂತ ನಮಗೆ ಹೊಳೆಯಲೂ ಇಲ್ಲ.

ಹೊಸ ಲಾರಿ ಅಂದರೆ ಈಗಿನ ಕಾನೂನಿನ ಲಾರಿ. ಹೊಗೆ ಕಣ್ಣಿಗೇ ಕಾಣುವುದಿಲ್ಲ. ಡೀಸೆಲ್ ಟ್ಯಾಂಕಿನ ಪಕ್ಕ ಯೂರಿಯಾ ನೀರಿಗೆ ಇನ್ನೊಂದು ಟ್ಯಾಂಕ್, ಸೈಲೆನ್ಸರಿನ ಒಳಗೆ ಮಸಿ ಹಿಡಿಯುವ ಫಿಲ್ಟರ್, ಪ್ರತಿಯೊಂದಕ್ಕೂ ಡ್ರೈವರಿನ ಮುಂದೆ ಒಂದೊಂದು ದೀಪ. ನಾಜೂಕು ಜಾಸ್ತಿ, ದೊಡ್ಡವರ ಮನೆಯಿಂದ ತಂದ ಸೊಸೆಯ ಹಾಗೆ. ಒಂದು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಮೈಲೇಜ್ ಸ್ವಲ್ಪ ಬಿತ್ತು. ಅಲ್ಲಿಂದ ನಮ್ಮ ಮನೆಯವರ ಗೊಣಗಾಟ ಶುರುವಾಯಿತು.

"ದಾರೀಲಿ ಡೀಸೆಲ್ ಎತ್ತಿ ಮಾರ್ತಾವ್ನೆ ಕಣೇ. ಇಲ್ದಿದ್ರೆ ಎಲ್ಲಿಗೆ ಹೋಗುತ್ತೆ?"

"ಇಷ್ಟು ವರ್ಷ ಮಾರ್ದೆ ಇರೋರು ಈಗ ಮಾರ್ತಾರಾ? ಸುಮ್ನಿರಿ," ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಆದರೆ ರಜೆ ಬಂದಾಗಲೆಲ್ಲ ಅದೇ ರಾಗ. ಲಾರಿ ಮನೆಗೆ ಬಂದರೆ ಸಾಕು, ಇವರು ಟ್ಯಾಂಕಿಗೆ ಕೋಲು ಬಿಟ್ಟು ನೋಡುವುದು, ಅವರು ಮುಖ ತಿರುಗಿಸಿ ನಿಲ್ಲುವುದು. ಒಂದು ದಿನ ಅಣ್ಣ ಗಾಡಿ ಬಿಟ್ಟು ಹೋಗಿಯೇಬಿಡುತ್ತಾರೆ ಅನ್ನುವ ಹೆದರಿಕೆ ನನಗೆ ಹತ್ತಿತು.

ಹುಳುಗಳಿಗೆ ಸೊಪ್ಪು ಹಾಕಿ ಕೂತಾಗ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಡೀಸೆಲ್‌ಗೆ ಬೆರೆಸುವ ಔಷಧಿ. ಎಂಜಿನ್ ಒಳಗಿನ ಕೊಳೆ ತೆಗೆಯುತ್ತದೆ, ಮೈಲೇಜ್ ಏರುತ್ತದೆ ಅಂತ ಒಬ್ಬ ಕೈ ಆಡಿಸಿ ಹೇಳುತ್ತಿದ್ದ. ಮೈಲೇಜ್ ಏರಿದರೆ ಇವರ ಬಾಯಿ ಮುಚ್ಚುತ್ತದೆ, ಅಣ್ಣನ ಮರ್ಯಾದೆ ಉಳಿಯುತ್ತದೆ. ಇಷ್ಟೇ ನನ್ನ ಲೆಕ್ಕಾಚಾರ. ಕೋಲಾರಕ್ಕೆ ಹೋದಾಗ ಆಯಿಲ್ ಅಂಗಡಿಯಲ್ಲಿ ಕೇಳಿದೆ. ಯಾವ ಗಾಡಿ, ಹಳೇದಾ ಹೊಸದಾ ಅಂತ ಅಂಗಡಿಯವನು ಕೇಳಿದ. "ಲಾರಿ ಕಣಪ್ಪಾ, ಟೊಮೇಟೊ ಹೊಡಿಯೋದು," ಅಂದೆ. ಅವನು ಕೈಗೆ ಸಿಕ್ಕಿದ ಬಾಟಲಿ ಕೊಟ್ಟು, ಫುಲ್ ಟ್ಯಾಂಕಿಗೆ ಒಂದು ಮುಚ್ಚಳ ಸಾಕು ಅಂದ. ಒಂದು ಅಂದರೆ ಎರಡು ಹಾಕುವ ಜಾಯಮಾನ ನನ್ನದು. ಸಾರಿಗೆ ಹುಳಿಯಾದರೂ ಅಷ್ಟೆ. ಪೊರೆ ಬಿಡಲು ಜ್ವರಕ್ಕೆ ಕೂತ ರೇಷ್ಮೆ ಹುಳಕ್ಕೆ ಒಂದೆಲೆ ಸೊಪ್ಪು ಹಾಕಿದರೂ ಕೆಡುತ್ತದೆ ಅಂತ ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಲಾರಿಯ ವಿಷಯದಲ್ಲಿ ಆ ಬುದ್ಧಿ ಬರಲಿಲ್ಲ.

ಟ್ಯಾಂಕಿನ ಮುಚ್ಚಳಕ್ಕೆ ಬೀಗ. ಒಂದು ಕೀ ಅಣ್ಣನ ಹತ್ತಿರ, ಇನ್ನೊಂದು ನಮ್ಮ ದೇವರ ಗೂಡಿನಲ್ಲಿ. ಲಾರಿ ಮನೆಗೆ ಬಂದಾಗಲೆಲ್ಲ ಆ ಕೀ ತೆಗೆದುಕೊಂಡು ಹೋಗಿ ಹಾಕುತ್ತಿದ್ದೆ. ಎರಡನೇ ಬಾಟಲಿ ಹಾಕುವಾಗ ಅಣ್ಣ ನೋಡಿಬಿಟ್ಟರು.

"ಏನಮ್ಮಾ ಅದು?"

"ಟಾನಿಕ್ಕು, ನಿಮ್ಮ ಗಾಡಿಗೆ."

"ವದ್ದಮ್ಮಾ, ಬೇಡ. ಕಂಪನಿಯೋರು ಹೇಳ್ದೇ ಇರೋದನ್ನ ಯಾಕೆ ಹಾಕ್ತೀರಾ?"

"ನಿಮಗೋಸ್ಕರಾನೇ ಅಣ್ಣಾ. ಮೈಲೇಜ್ ಬಂದ್ರೆ ಇವ್ರು ನಿಮ್ಮ ತಂಟೆಗೆ ಬರಲ್ಲ. ಇವ್ರಿಗೆ ಮಾತ್ರ ಹೇಳ್ಬೇಡಿ. ಮಾತು ಕೊಡಿ."

ಅವರು ಬಾಟಲಿ ತೆಗೆದುಕೊಂಡು ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಸರೇಮ್ಮಾ, ಹೇಳಲ್ಲ," ಅಂದರು. ಅವರು ಕೊಟ್ಟ ಮಾತು ಅವರಿಗೆಷ್ಟು ಭಾರವಾಗಬಹುದು ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ಕೆಲವು ಟ್ರಿಪ್ ಮೈಲೇಜ್ ಏರಿದಂತೆ ಕಂಡಿತು. ನಾನು ಒಳಗೊಳಗೇ ಬೀಗಿದೆ. ಆಮೇಲೆ ಒಂದು ದಿನ ಟೊಮೇಟೊ ತುಂಬಿಕೊಂಡು ಚೆನ್ನೈ ಕಡೆ ಹೊರಟ ಲಾರಿ ಮುಳಬಾಗಿಲು ದಾಟುವ ಮೊದಲೇ ದೀಪ ಹತ್ತಿಸಿಕೊಂಡು ತೆವಳತೊಡಗಿತು. ಲೋಡನ್ನು ಬೇರೆ ಲಾರಿಗೆ ಬದಲಾಯಿಸಿ, ಇದನ್ನು ಸರ್ವಿಸ್‌ಗೆ ಎಳೆದುಕೊಂಡು ಹೋದರು. ಫಿಲ್ಟರ್ ತುಂಬ ಬೂದಿ ಕಟ್ಟಿದೆ, ಡೀಸೆಲ್ ಜೊತೆ ಬೇರೆ ಏನೋ ಉರಿದಿದೆ, ಸೀಮೆಎಣ್ಣೆಯೋ ಇನ್ನೇನೋ ಗೊತ್ತಿಲ್ಲ ಅಂತ ಅಲ್ಲಿಯ ಮೆಕ್ಯಾನಿಕ್ ಹೇಳಿದ.

ಇವರಿಗೆ 'ಇನ್ನೇನೋ' ಅನ್ನುವುದು ಕಿವಿಗೆ ಬೀಳಲೇ ಇಲ್ಲ. ಸೀಮೆಎಣ್ಣೆ ಅನ್ನುವುದೊಂದೇ ಬಿತ್ತು. ಡೀಸೆಲ್ ಮಾರಿಕೊಂಡು ಆ ಜಾಗಕ್ಕೆ ಸೀಮೆಎಣ್ಣೆ ಸುರಿದಿದ್ದಾನೆ ಅಂತ ತೀರ್ಮಾನವೇ ಆಗಿಹೋಯಿತು. ಕೀ ಇರುವುದು ಎರಡೇ. ಒಂದು ದೇವರ ಗೂಡಿನಲ್ಲಿ, ಇನ್ನೊಂದು ಅವನ ಜೇಬಿನಲ್ಲಿ. ದೇವರ ಗೂಡಿನ ಕೀ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಹೇಳಬೇಕಿತ್ತು. ಇವರ ಕೋಪ ಇಳಿಯಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಕೋಪ ಇಳಿಯುವ ಬದಲು ಇವರು ಕುರುಡುಮಲೆಯ ಹೆಸರೆತ್ತಿದರು. "ಗಣಪನ ಮುಂದೆ ಕರ್ಪೂರ ಆರಿಸ್ಲಿ, ನಂಬ್ತೀನಿ."

ನಮ್ಮ ಕಡೆ ಅದು ಸಣ್ಣ ಮಾತಲ್ಲ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದರೆ ಅಲ್ಲಿಗೆ ಮುಗಿಯಿತು, ಯಾರೂ ಮತ್ತೆ ಮಾತಾಡುವಂತಿಲ್ಲ. ಸುಳ್ಳು ಆಣೆ ಮಾಡಿದರೆ ವಂಶಕ್ಕೆ ತಟ್ಟುತ್ತದೆ ಅಂತ ಭಯ. ಇದನ್ನು ಬರೆಯಲು ನಾಚಿಕೆಯಾಗುತ್ತದೆ: ಇವರ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಅಣ್ಣ ತಪ್ಪು ಮಾಡಿಲ್ಲ, ಧೈರ್ಯವಾಗಿ ಆರಿಸುತ್ತಾರೆ, ನಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಅವರಿಗೆ ಫೋನ್ ಮಾಡಿ, "ಆರಿಸಿಬಿಡಿ ಅಣ್ಣಾ, ನೀವೇನೂ ಮಾಡಿಲ್ವಲ್ಲ," ಅಂತ ಬೇರೆ ಹೇಳಿದೆ. ಅವರು ಊಂ ಅಂದರು.

ಕುರುಡುಮಲೆಗೆ ಇವರು ಸಾಕ್ಷಿಗೆ ಅಂತ ಕೋಲಾರದ ಲಾರಿ ಸ್ಟ್ಯಾಂಡಿನಿಂದ ಮೂವರು ಡ್ರೈವರುಗಳನ್ನೂ ಕರೆಸಿದ್ದರು. ದೇವಸ್ಥಾನದ ಹೊರಗೆ ಕಲ್ಲಿನ ಮೇಲೆ ಕರ್ಪೂರ ಹಚ್ಚಿದೆವು. ಅಣ್ಣ ಚಪ್ಪಲಿ ಬಿಟ್ಟು ಬಂದು ಕೈ ಚಾಚಿದರು. "ಈ ಗಾಡಿ ಡೀಸೆಲ್ ನಾನು ಮಾರಿಲ್ಲ, ಅದಕ್ಕೆ ನಾನೇನೂ ಬೆರೆಸಿಲ್ಲ," ಅಂತ ಗಟ್ಟಿಯಾಗಿ ಹೇಳಿದರು. ಇನ್ನೇನು ಅಂಗೈ ಇಡಬೇಕು, ಅಷ್ಟರಲ್ಲಿ ಇವರು ತಡೆದರು.

"ಅಷ್ಟೇ ಸಾಲ್ದು. ಯಾರು ಬೆರೆಸಿದ್ರೋ ನಂಗೊತ್ತಿಲ್ಲ, ಅಂತಾನೂ ಹೇಳು."

ಅಣ್ಣ ನನ್ನ ಕಡೆ ನೋಡಿದರು. ನಾನು ಕರ್ಪೂರವನ್ನೇ ನೋಡುತ್ತ ನಿಂತೆ. ಸಂತೆಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ನನ್ನ ನಾಲಿಗೆಗೆ ಆ ಹೊತ್ತು ಏನು ಲಕ್ವ ಹೊಡೆದಿತ್ತೋ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಕೊಟ್ಟ ಮಾತನ್ನೂ ಮುರಿಯಲಿಲ್ಲ, ದೇವರ ಮುಂದೆ ಸುಳ್ಳನ್ನೂ ಹೇಳಲಿಲ್ಲ. ಕರ್ಪೂರ ತಾನಾಗಿಯೇ ಉರಿದು ಮುಗಿಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಅಂದ ಸಾಕ್ಷಿಗೆ ಬಂದವರಲ್ಲಿ ಒಬ್ಬ. ಅಣ್ಣ ಲಾರಿಯ ಕೀ ಗೊಂಚಲನ್ನು ಕಲ್ಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದರು.

ಮುಳಬಾಗಿಲು ಇನ್ನೂ ಬಂದಿರಲಿಲ್ಲ, ಬೈಕಿನ ಹಿಂದೆ ಕೂತಿದ್ದ ನಾನು ಅಳಲು ಶುರುಮಾಡಿದೆ. ಗಾಡಿ ನಿಲ್ಲಿಸಿ ಅಂದು, ಎಲ್ಲ ಹೇಳಿದೆ. ವಿಡಿಯೋ, ಅಂಗಡಿ, ಬಾಟಲಿ, ದೇವರ ಗೂಡಿನ ಕೀ. ಇವರು ಹೊಡೆಯುತ್ತಾರೆ ಅಂದುಕೊಂಡೆ. ಅವರು ನಗಲು ಶುರುಮಾಡಿದರು.

"ಅಯ್ಯೋ ಪೆದ್ದೀ. ಮನೆ ಉದ್ಧಾರ ಆಗ್ಲಿ ಅಂತ ತಾನೇ ಹಾಕಿದ್ದು? ಹೋಗ್ಲಿ ಬಿಡು, ಅಳಬೇಡ," ಅಂದು ರಸ್ತೆ ಪಕ್ಕದಲ್ಲಿ ಎಳನೀರು ಕೊಡಿಸಿದರು.

ಎಳನೀರನ್ನು ಕುಡಿಯದೆ ಕೈಯಲ್ಲಿ ಹಿಡಿದೇ ನಿಂತೆ. ಒಂದೇ ತಪ್ಪು. ಅಣ್ಣ ಮಾಡಿದ್ದಾರೆ ಅಂದುಕೊಂಡಾಗ ಗಣಪನ ಮುಂದೆ ಬೆಂಕಿ ಮುಟ್ಟಬೇಕಿತ್ತು. ನಾನು ಮಾಡಿದ್ದು ಅಂತ ಗೊತ್ತಾದಾಗ ಎಳನೀರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ಬರೆ ಬಿದ್ದ ಮೇಲೆ ಆ ಎಮ್ಮೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ಇವರು ಅಣ್ಣನಿಗೆ ಫೋನ್ ಮಾಡಿ, "ನಮ್ಮನೆಯವಳದ್ದೇ ಕಿತಾಪತಿ ಕಣಯ್ಯಾ, ಗಾಡಿ ರಿಪೇರಿ ಆದ್ಮೇಲೆ ಬಾ," ಅಂದರು. ಅಣ್ಣ ಬರಲಿಲ್ಲ. ಬೇರೆ ಯಾರಾದರೂ ಗಾಡಿ ಕೊಟ್ಟಿರುತ್ತಾರೆ ಅಂದುಕೊಂಡರೆ ಅದೂ ಇಲ್ಲ. ಕರ್ಪೂರ ಆರಿಸಲು ಹೆದರಿದವನು ಅಂತ ಕೋಲಾರದ ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತ್ತು. ಅಂಥವನ ಕೈಗೆ ಯಾರು ಸ್ಟೇರಿಂಗ್ ಕೊಡುತ್ತಾರೆ?

ತಡೆಯಲಾರದೆ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಮಾವಿನ ಕಾಲ. ಅಣ್ಣ ಒಂದು ಹಣ್ಣಿನ ಮಂಡಿಯಲ್ಲಿ ಕ್ರೇಟುಗಳಿಗೆ ಹುಲ್ಲು ಹಾಸಿ ಕಾಯಿ ಜೋಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಒಂದು ಕ್ರೇಟು ಬೋರಲು ಹಾಕಿ ಕೂರಲು ಕೊಟ್ಟರು. ನಾನು ಕೂರಲಿಲ್ಲ.

"ಅಣ್ಣಾ, ಇವ್ರ ಹತ್ರ ಎಲ್ಲಾ ಹೇಳ್ಬಿಟ್ಟಿದ್ದೀನಿ. ತಪ್ಪಾಯ್ತು. ಬನ್ನಿ ಅಣ್ಣಾ."

"ಹೇಳಿದ್ದು ಗೊತ್ತಾಯ್ತಮ್ಮಾ. ಮನೇಲಿ ಹೇಳಿದ್ರಿ." ಅವರು ಕಾಯಿ ಒರೆಸುತ್ತಲೇ ಮಾತಾಡಿದರು. "ನನ್ನ ಮಾನ ಹೋಗಿದ್ದು ಮನೇಲಲ್ಲ. ನಾಲ್ಕು ಜನದ ಮುಂದೆ."

ಕೋಪದಲ್ಲಿ ಹೇಳಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವರು ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದರು. ಅದು ನಿಜವೂ ಆಗಿತ್ತು.

ಮಾರನೆಯ ದಿನ ಕೋಲಾರದ ಸ್ಟ್ಯಾಂಡಿಗೆ ಹೋದೆ. ಸಾಕ್ಷಿಗೆ ಬಂದಿದ್ದ ಮೂವರೂ ಟೀ ಅಂಗಡಿಯ ಮುಂದೆ ಸಿಕ್ಕರು. ಜೊತೆಗೆ ಇನ್ನೂ ಏಳೆಂಟು ಜನ ಡ್ರೈವರುಗಳು. ಈ ಸಲ ನಾಲಿಗೆ ತೊದಲಲಿಲ್ಲ. ಔಷಧಿ ಸುರಿದವಳು ನಾನು, ಅಣ್ಣ ಬೇಡ ಅಂದರೂ ಕೇಳಲಿಲ್ಲ, ನನಗೆ ಮಾತು ಕೊಟ್ಟಿದ್ದಕ್ಕೇ ಅವತ್ತು ಅವರು ಕೈ ಹಿಂದಕ್ಕೆ ತೆಗೆದದ್ದು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಕುಂಬಳಕಾಯಿ ಗಾದೆ ಹೇಳಿದ್ದವನು ಬೆಂಚಿನಿಂದ ಎದ್ದು ನನಗೆ ಜಾಗ ಬಿಟ್ಟ. ಉಳಿದವರ ಕಡೆ ತಿರುಗಿ, "ನೋಡ್ರೋ, ಡ್ರೈವರ್ ಹೊಟ್ಟೆಪಾಡು ಕೆಡಬಾರ್ದು ಅಂತ ಈ ಅಮ್ಮಾವ್ರು ಕೆಟ್ಟ ಹೆಸ್ರು ತಾವೇ ಹೊತ್ಕೊತಾವ್ರೆ," ಅಂದ.

"ಇಲ್ಲ ಕಣಪ್ಪಾ, ನಾನೇ ಹಾಕಿದ್ದು. ನನ್ನ ಮಕ್ಕಳಾಣೆ."

"ಮಕ್ಕಳ ಮೇಲೆಲ್ಲಾ ಆಣೆ ಇಡಬೇಡಿ ಅಮ್ಮಾ. ನಮಗೆ ಅರ್ಥ ಆಗುತ್ತೆ."

ನಾನು ದನಿ ಏರಿಸಿದೆ, ಬೈದೆ, ಬಾಟಲಿ ಕೊಂಡ ಅಂಗಡಿಯನ್ನೇ ತೋರಿಸುತ್ತೇನೆ ಬನ್ನಿ ಅಂದೆ. ಒಬ್ಬರೂ ಏಳಲಿಲ್ಲ. ನಾನು ಕೂಗಿದಷ್ಟೂ ಅವರ ಮುಖದಲ್ಲಿ ನನ್ನ ಮೇಲಿನ ಗೌರವ ಹೆಚ್ಚುತ್ತಾ ಹೋಯಿತು. ಟೀ ಅಂಗಡಿಯವನು ನನ್ನ ಕೈಗೆ ಲೋಟ ಕೊಡುತ್ತಾ, "ಕುಡೀರಿ ಅಮ್ಮಾ. ಕಳ್ಳನ್ನ ಕ್ಷಮಿಸೋಕೂ ದೊಡ್ಡ ಮನಸ್ಸು ಬೇಕು," ಅಂದ.