ಚರಂಡಿಯೊಳಗಿನ ದನಿ

ಗುಂಡಿ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಆ ದರ್ಜಿ ಹೆಂಗಸಿಗೆ ಗುಂಡಿಯಕ್ಕ ಎಂಬ ಹೆಸರು ಬಿದ್ದಿತ್ತು. ಬೀದಿಯ ಕೊನೆಯ ದೊಡ್ಡ ಚರಂಡಿಗೆ ಚಪ್ಪಡಿ ಮುಚ್ಚಿಸಲು ಮನೆಮನೆಯಿಂದ ಹೆಚ್ಚಿನ ತೆರಿಗೆ ಕೇಳಿದಾಗ ಎಲ್ಲರಿಗಿಂತ ಜೋರಾಗಿ ಬಾಯಿ ಮಾಡಿದವಳು ಅವಳೇ.

"ಗುಂಡಿಯಕ್ಕನಿಗೆ ಗುಂಡಿ ಮುಚ್ಚೋದು ಕಂಡ್ರೆ ಆಗಲ್ಲ!" ಎಂದು ಚರಂಡಿ ಪಕ್ಕದ ಇಸ್ತ್ರಿಯವನು ನಗಾಡಿದ.

"ನಮ್ಮನೆ ಮುಂದಿದ್ದಿದ್ರೆ ಬೇರೆ ಮಾತು. ನಾನ್ಯಾಕೆ ಕೊಡ್ಲಿ?" ಎಂದಳು ಅವಳು.

ಮಳೆಗಾಲದಲ್ಲಿ ಯಾರೋ ಮುದುಕಿ ಅದರಲ್ಲಿ ಬಿದ್ದು ಸತ್ತಳು. ಯಾರ ಕಡೆಯವಳೆಂದು ಗೊತ್ತಾಗಲೇ ಇಲ್ಲ. "ನೋಡ್ಕೊಂಡು ನಡೀಬೇಕಿತ್ತಪ್ಪ," ಎಂದಳು ಗುಂಡಿಯಕ್ಕ.

ಆಮೇಲೊಂದು ಮಧ್ಯಾಹ್ನ, ಇಸ್ತ್ರಿಗೆ ಕೊಟ್ಟ ರವಿಕೆ ತರಲು ಮಗಳೊಂದಿಗೆ ಆ ಕಡೆ ಹೋದಳು. ಬಿಸಿಲು ಸುಡುತ್ತಿತ್ತು, ಒಂದೆಲೆಯೂ ಅಲುಗುತ್ತಿರಲಿಲ್ಲ.

"ಅಮ್ಮಾ, ಕೈ ಕೊಡೇ."

ಮಗಳ ದನಿ. ಬಂದದ್ದು ಚರಂಡಿಯೊಳಗಿಂದ.

ಗುಂಡಿಯಕ್ಕ ಪಕ್ಕಕ್ಕೆ ತಿರುಗಿದಳು. ಮಗಳು ಚೀಲ ಹಿಡಿದು ಅಲ್ಲೇ ನಿಂತಿದ್ದಳು. "ಏನಮ್ಮಾ? ನಾನೇನೂ ಅನ್ಲಿಲ್ವಲ್ಲ."

ಇಸ್ತ್ರಿಯವನ ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ನಿಮಗೂ ಕೇಳಿಸ್ತಾ? ನನಗೆ ನನ್ನ ತಮ್ಮ ಕರೆದ ಹಾಗಾಗತ್ತೆ. ಈಗಷ್ಟೇ ಫೋನ್ ಮಾಡಿದೆ, ಮನೇಲೇ ಇದಾನೆ."

ಇಬ್ಬರೂ ಬಗ್ಗಿ ನೋಡಿದರು. ಕಪ್ಪು ನೀರು ಮಾತ್ರ. ಗಾಳಿಯಿಲ್ಲದಿದ್ದರೂ ಅದು ದಡಕ್ಕೆ ಒತ್ತಿಬಂದು ಹಿಂದೆ ಸರಿಯುತ್ತಿತ್ತು, ಉಸಿರಾಡುವಂತೆ. ಗುಂಡಿಯಕ್ಕ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹುಡುಗಿ ಅತ್ತೇಬಿಟ್ಟಳು.

ಮರುದಿನ ಬೆಳಗ್ಗೆ ತೆರಿಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅವಳು ಹಣ ಹಿಡಿದು ಅಲ್ಲಿದ್ದಳು. ಹಿಂದೆ ಇಸ್ತ್ರಿಯವನು, ಅವನ ಹಿಂದೆ ಬೀದಿಯ ಇನ್ನಷ್ಟು ಜನ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ನೀವೇ ಅಲ್ವೇನಮ್ಮ ಕೊಡಲ್ಲ ಅಂತ ಕೂಗಾಡಿದ್ದು?" ಗುಮಾಸ್ತ ಕೇಳಿದ.

"ಹೌದು ಸಾರ್. ಆ ಮುದುಕಿ ಬಿದ್ದಾಗ ಯಾರನ್ನ ಕರೆದ್ಲೋ ಏನೋ. ಬೇಗ ಮುಚ್ಚಿಸಿ."

ಅಷ್ಟಕ್ಕೇ ಬಿಡಲಿಲ್ಲ. ಕೆಲಸ ಶುರುವಾಗುವವರೆಗೂ ಕಚೇರಿಗೆ ಅಲೆದು ಗುಮಾಸ್ತನ ತಲೆ ತಿಂದಳು. ಚಪ್ಪಡಿ ಕೂರಿಸುವಾಗ ಹೊಲಿಗೆ ಬಿಟ್ಟು ಮುಂದೆ ನಿಂತಳು. ಆಮೇಲೆ ಅಲ್ಲಿ ಯಾವ ದನಿಯೂ ಕೇಳಿಸಲಿಲ್ಲ.

ಮರುವರ್ಷ ಊರಾಚೆಯ ಹಳ್ಳಕ್ಕೆ ಕಾಲುಸೇತುವೆ ಕಟ್ಟಲು ತೆರಿಗೆ ಏರಿತು. "ನಾವು ಯಾವತ್ತೂ ಹೋಗದ ಕಡೆಗೆ ನಾವ್ಯಾಕೆ ಕೊಡ್ಬೇಕು?" ಎಂದು ಅವಳ ಓರಗಿತ್ತಿ ಗೊಣಗಿದಳು.

ಗುಂಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೈ ನಿಂತಿತು. "ಒಂದ್ಸಲ ಅಲ್ಲಿಗೆ ಹೋಗಿ, ನೀರಿನ ಹತ್ರ ಸುಮ್ನೆ ನಿಂತ್ಕೊಂಡು ಬಾ," ಎಂದಳು.

ಓರಗಿತ್ತಿ ಹೋಗಲಿಲ್ಲ. ತೆರಿಗೆ ಕಟ್ಟಿದಳು.